ಮಗಳ ಕಿವಿಗೆ ಇಳಿಸಿದ ಹಾಡು

ಮೈಸೂರಿನ ಡಾಕ್ಟರು ಮಾತಾಡುತ್ತಿದ್ದಾಗ ನಾನು ನೋಡುತ್ತಿದ್ದದ್ದು ಮಗಳ ಮುಖವನ್ನು. ಅವಳು ಡಾಕ್ಟರ ತುಟಿಯನ್ನೇ ನೋಡುತ್ತಿದ್ದಳು. ಅವಳ ಎಡಗಿವಿ ಆರನೇ ವಯಸ್ಸಿನ ಜ್ವರದಲ್ಲೇ ಹೋಗಿತ್ತು. ಬಲಗಿವಿ ವರ್ಷ ವರ್ಷ ಇಳಿಯುತ್ತಾ ಬಂದು, ಹದಿನೇಳು ತುಂಬುವ ಹೊತ್ತಿಗೆ, ಮೆಷಿನ್ ಹಾಕಿಕೊಂಡರೂ ದಪ್ಪ ಸದ್ದುಗಳಷ್ಟೇ ಕೇಳಿಸುವಂತಾಗಿತ್ತು. ಬಸ್ಸಿನ ಇಂಜಿನ್ನು, ಗುಡುಗು, ಅವರಪ್ಪನ ಕೆಮ್ಮು, ಅಷ್ಟೇ.

"ಈ ಕಿವಿಯೊಳಗೆ ಒಂದು ಉಪಕರಣ ಕೂರಿಸೋಣ. ಆದರೆ ಈಗ ಉಳಿದಿರೋ ಚೂರು ಕೇಳಿಕೆ ಆಪರೇಷನ್ನಿನಲ್ಲಿ ಹೋಗುತ್ತೆ ಅಂತಲೇ ಇಟ್ಟುಕೊಳ್ಳಿ" ಎಂದರು ಡಾಕ್ಟರು. ಆಮೇಲೆ ಬರುವ ಸದ್ದು ಬೇರೆ ಥರ ಇರುತ್ತದಂತೆ. ಮಾತು ಕೆಲವು ತಿಂಗಳಲ್ಲಿ ಹಿಡಿತಕ್ಕೆ ಸಿಗಬಹುದು, ಸಂಗೀತದ ವಿಷಯದಲ್ಲಿ ಮಾತ್ರ ಏನೂ ಹೇಳಲಾರೆ ಎಂದರು. ಚೆನ್ನಾಗಿ ನೆನಪಿರುವ ಒಂದು ಹಾಡಿದ್ದರೆ ಆಪರೇಷನ್ ಆದ ಮೇಲೆ ದಿನಾ ಅದನ್ನೇ ಹಾಕಿ ಕೇಳಿಸಿ, ನೆನಪಿನ ಜೊತೆ ತಾಳೆ ಹಾಕಿಕೊಂಡು ತಲೆ ಹೊಸ ಸದ್ದನ್ನು ಕಲಿಯುತ್ತದೆ ಎಂದೂ ಸೇರಿಸಿದರು. ಮೂರೂವರೆ ತಿಂಗಳ ಮೇಲಿನ ಒಂದು ದಿನ ಕೊಟ್ಟರು.

ಬಸ್ಸಿನಲ್ಲಿ ವಾಪಸ್ಸು ಬರುವಾಗ ಕುಶಾಲನಗರ ದಾಟಿದ ಮೇಲೆ ಮಗಳು ನನ್ನ ಕಡೆ ತಿರುಗಿದಳು. "ಯಾವ ಹಾಡು ಅಂತ ನಂಗೊತ್ತಮ್ಮ. ನನ್ನ ಗೇಮಿಂದು."

ಗೇಮ್ ಎಂದರೆ ಅವಳು ಎಂಟನೇ ವಯಸ್ಸಿನಿಂದ ನಮ್ಮ ಹಳೇ ಕಂಪ್ಯೂಟರಿನಲ್ಲಿ ಆಡುತ್ತಾ ಬಂದದ್ದು. ನೀರು ತುಂಬಿದ ಒಂದು ದೇಶದಲ್ಲಿ ಸಣ್ಣ ಹುಡುಗಿಯೊಬ್ಬಳು ದೋಣಿ ಹಾಕಿಕೊಂಡು ಹೋಗಿ ಮುಳುಗಿದ ಊರುಗಳ ದೀಪ ಹಚ್ಚುತ್ತಾಳೆ. ಒಂದು ಊರು ಮುಗಿದಾಗ ಒಂದು ಹಾಡು ಬರುತ್ತದೆ. ಪದಗಳಿಲ್ಲ, ಬರೀ ವಾದ್ಯ. ಅಡುಗೆಮನೆಯಲ್ಲಿದ್ದ ನನ್ನ ಕಿವಿಗೂ ಅದು ಸಾವಿರ ಸಲ ಬಿದ್ದು, "ಸಾಕು ಮುಚ್ಚೇ ಅದನ್ನ" ಎಂದು ನಾನು ಸಾವಿರ ಸಲ ಕಿರುಚಿದ್ದೆ.

"ಮೊದ್ಲು ಕೊನೇಲಿ ಗಂಟೆ ಬರ್ತಿತ್ತು" ಎಂದಳು. "ಎಂಟನೇ ಕ್ಲಾಸಲ್ಲಿ ಗಂಟೆ ಹೋಯ್ತು. ಫಸ್ಟ್ ಪಿಯುಸೀಲಿ ಕೊಳಲು ಹೋಯ್ತು. ಈಗ ಕೆಳಗಿನ ಢಂ ಢಂ ಮಾತ್ರ ಇದೆ."

ಕಿವಿ ಪರೀಕ್ಷೆಗೆ ಅಂತ ನಾವು ಊರೂರು ಅಲೆಯುತ್ತಿದ್ದ ಅಷ್ಟೂ ವರ್ಷ ಇವಳು ಮನೆಯಲ್ಲೇ ಕೂತು, ಆ ಹಾಡು ಹಾಕಿಕೊಂಡು, ತನ್ನ ಕಿವಿಯನ್ನು ತಾನೇ ಅಳೆದುಕೊಳ್ಳುತ್ತಿದ್ದಳು. ನನಗೆ ಸಿಟ್ಟು ಬಂತು. ನನಗೆ ಹೆದರಿಕೆ ಬಂದರೂ ಅದು ಸಿಟ್ಟಾಗಿಯೇ ಹೊರಗೆ ಬರುವುದು. "ಯಾಕೆ ಹೇಳಲಿಲ್ಲ ನೀನು?" ಎಂದೆ.

"ಹೇಳಿದ್ರೆ ಮುಖ ಹಂಗ್ ಮಾಡ್ತೀಯಲ್ಲ, ಅದಕ್ಕೆ."

ಮುಖ ಓದುವ ಮಕ್ಕಳ ತಾಯಂದಿರು ಮುಖವನ್ನು ಇಸ್ತ್ರಿ ಮಾಡಿಟ್ಟುಕೊಳ್ಳುವುದನ್ನು ಬೇಗ ಕಲಿಯುತ್ತಾರೆ. ನಾನು ಕಲಿತಿದ್ದೇನೆ ಎಂದುಕೊಂಡಿದ್ದೆ. ನಮ್ಮೂರು ಸುಂಟಿಕೊಪ್ಪದಲ್ಲಿ ಇಳಿಯುವಾಗ ಅವಳು ನನ್ನ ಸೆರಗು ಹಿಡಿದು ನಿಲ್ಲಿಸಿ ಕೇಳಿದಳು. "ಆ ಗಂಟೇನ ಕೆಳಗೆ ತಂದು ನುಡಿಸ್ತೀಯಾ? ನಂಗೆ ಕೇಳೋ ಜಾಗಕ್ಕೆ? ಆಪರೇಷನ್ನಿಗೆ ಮುಂಚೆ ಒಂದ್ಸಲ ಪೂರ್ತಿ ಕೇಳ್ಬೇಕಮ್ಮ. ಆಮೇಲೆ ದಿನಾ ಅದನ್ನೇ ಹಾಕ್ಕೋತೀನಿ."

ಆಗಲಿ ಎಂದುಬಿಟ್ಟೆ. ಬಾಯಿಗೆ ಬೀಗ ಇಲ್ಲದವಳು ನಾನು.

ನನಗೆ ಬರುವುದು ಹಾರ್ಮೋನಿಯಂ, ಅದೂ ಭಜನೆಗೆ ಬೇಕಾದಷ್ಟು. ನನ್ನ ತವರು ಶಿರಂಗಾಲದ ಕಡೆ. ಹಾಸನದಿಂದ ಬಂದು ನೆಲೆಸಿದ ಬೇಸಾಯದ ಮನೆ. ಅಲ್ಲಿ ಭಜನೆಗೆಂದು ಇದ್ದ ಪೆಟ್ಟಿಗೆಯನ್ನು ಒತ್ತಿ ಒತ್ತಿ ಕಲಿತದ್ದೇ ನನ್ನ ವಿದ್ಯೆ. ಸುಂಟಿಕೊಪ್ಪದ ಶಾಲೆಗೆ ಟೀಚರಾಗಿ ಬಂದ ಮೇಲೆ ಇಲ್ಲಿಯ ಹೆಂಗಸರ ಭಜನಾ ಮಂಡಳಿಗೆ ಸೇರಿದೆ. ಮಂಡಳಿಯ ಹಾರ್ಮೋನಿಯಂ ಹಾಳಾದಾಗ ಎಲ್ಲರೂ ಸೇರಿ ಒಂದು ಎಲೆಕ್ಟ್ರಾನಿಕ್ ಕೀಬೋರ್ಡ್ ತಂದರು. ಹನ್ನೆರಡು ವರ್ಷದಿಂದ ಅದು ನಮ್ಮ ಮನೆಯಲ್ಲೇ ಇದೆ. ಅದರ ಮೇಲೂ ನಾನು ಒಂದೇ ಕೈಯಲ್ಲಿ ನುಡಿಸುತ್ತಿದ್ದೆ. ಹಾರ್ಮೋನಿಯಂನವರ ಎಡಗೈಗೆ ಗಾಳಿ ಹಾಕುವುದು ಬಿಟ್ಟರೆ ಬೇರೇನೂ ಗೊತ್ತಿರುವುದಿಲ್ಲ.

ಆ ಗೇಮಿನ ಹಾಡನ್ನು ಪಿಯಾನೊಗೆ ಹೊಂದಿಸಿ ಯಾರೋ ಪರದೇಶದವರು ನುಡಿಸಿದ ವಿಡಿಯೊವನ್ನು ಮಗಳು ಫೋನಿನಲ್ಲಿ ಹುಡುಕಿ ಕೊಟ್ಟಳು. ಎರಡು ಕೈಯಲ್ಲೂ ಬೆರಳು ಓಡುತ್ತಿದ್ದವು. ಆ ಮನುಷ್ಯ ಹೆಚ್ಚಾಗಿ ಕಪ್ಪು ಕೀಗಳ ಮೇಲೆ ನುಡಿಸುತ್ತಿದ್ದ. ನಾನು ಕೀಬೋರ್ಡಿನಲ್ಲಿ ಹುಡುಕಿದರೆ ಅದೇ ಹಾಡು, ಅದೇ ಸದ್ದು, ಸಲೀಸಾಗಿ ಬಿಳಿ ಕೀಗಳಲ್ಲೇ ಸಿಕ್ಕಿತು. ಅವನ ಶ್ರುತಿ ಅವನದು, ನನ್ನದು ನನಗೆ ಎಂದುಕೊಂಡೆ. ಭಜನೆಯವರಿಗೆ ಶ್ರುತಿ ಎಂದರೆ ಹಾಡುವವರ ಗಂಟಲಿನ ಅನುಕೂಲ. ಒಂದು ಮಂಡಳಿಯವರು ಮೇಲೆ ಹಾಡಿದರೆ ಇನ್ನೊಂದು ಮಂಡಳಿಯವರು ಕೆಳಗೆ ಹಾಡುತ್ತಾರೆ, ಹಾಡು ಮಾತ್ರ ಅದೇ. ವಿಡಿಯೊ ಮುಚ್ಚಿಟ್ಟು, ಶಾಲೆಯ ನೋಟ್‌ಬುಕ್ಕಿನಲ್ಲಿ ಸರಿಗಮ ಬರೆದುಕೊಂಡೆ. ಬಲಗೈಗೆ ಕೆಂಪು ಶಾಯಿ, ಎಡಗೈಗೆ ನೀಲಿ.

ಗಂಟೆಯ ಭಾಗವನ್ನು ಎರಡು ಸ್ಥಾಯಿ ಕೆಳಗೆ ಇಳಿಸಿದೆ. ಆಗ ಎರಡು ಕೈಗಳೂ ಕೀಬೋರ್ಡಿನ ಎಡತುದಿಗೆ ಬಂದು ಒಂದರ ಮೇಲೊಂದು ಬೀಳತೊಡಗಿದವು. ಮೊಣಕೈ ಹೊಟ್ಟೆಗೆ ತಾಗುತ್ತಿತ್ತು. ಎಡಗೈ ಮೊದಲ ತಿಂಗಳೆಲ್ಲ ನನ್ನ ಮಾತೇ ಕೇಳಲಿಲ್ಲ. ಹಾಡು ಸ್ವಲ್ಪ ರಭಸ ಹಿಡಿದರೆ ಸಾಕು, ಕೀ ಬಿಟ್ಟು ಮೇಲೆದ್ದು ಗಾಳಿ ಹಾಕಲು ಹೋಗುತ್ತಿತ್ತು. "ನಿಮ್ಮಮ್ಮ ಪಿಯಾನೊಗೂ ತಿದಿ ಒತ್ತುತ್ತಾಳೆ ನೋಡು" ಎಂದು ನನ್ನ ಗಂಡ ಮಗಳಿಗೆ ಕೈಸನ್ನೆ ಮಾಡಿ ತೋರಿಸಿ ನಗುತ್ತಿದ್ದ. ನನಗೆ ನಗು ಬರುತ್ತಿರಲಿಲ್ಲ. ಗೋಡೆಯ ಕ್ಯಾಲೆಂಡರಿನಲ್ಲಿ ಆಪರೇಷನ್ನಿನ ದಿನಕ್ಕೆ ನಾನೇ ಹಾಕಿದ್ದ ಗುರುತು ಕಣ್ಣಿಗೆ ಬಿದ್ದಾಗಲೆಲ್ಲ ಮತ್ತೆ ಮೊದಲಿನಿಂದ ನುಡಿಸುತ್ತಿದ್ದೆ.

ಮೂರು ತಿಂಗಳಿಗೆ ಹಾಡು ಕೈಗೆ ಬಂತು. ಫೋನಿನಲ್ಲಿ ರೆಕಾರ್ಡ್ ಮಾಡಿದರೆ ಬರೀ ಗರಗರ. ಕೀಬೋರ್ಡಿನ ಚಿಕ್ಕ ಸ್ಪೀಕರಿಗೆ ಅಷ್ಟು ದಪ್ಪ ಸದ್ದು ಹೊರುವ ಶಕ್ತಿ ಇರಲಿಲ್ಲ. ನೇರ ವೈರ್ ಹಾಕಿ ರೆಕಾರ್ಡ್ ಮಾಡೋಣವೆಂದರೆ ಅದರ ತೂತು ಎಂದೋ ಸಡಿಲವಾಗಿ ಕೆಟ್ಟಿತ್ತು. ಮಗಳು ಮೆಷಿನ್ನಿಗೆ ಫೋನ್ ಒತ್ತಿ ಕೇಳಿ ತಲೆ ಆಡಿಸಿದಳು. "ಲಾರಿ ಥರ ಇದೆ."

ಗಂಡ ಹತ್ತಿರದ ಕಾಫಿ ಎಸ್ಟೇಟಿನಲ್ಲಿ ಆಳುಗಳ ಹಾಜರಿ ಬರೆಯುವ ರೈಟರ್. ಅಲ್ಲಿಯ ಬಂಗಲೆಯಲ್ಲಿ ಹಳೆಯದೊಂದು ಪಿಯಾನೊ ಇತ್ತು. ಮಾಲೀಕರ ತಾಯಿ, ನಾವು ಬಂಗಲೆ ಅಜ್ಜಿ ಎನ್ನುವ ಕೊಡವ ಹೆಂಗಸು, ವರ್ಷಕ್ಕೊಮ್ಮೆ ಮೈಸೂರಿನಿಂದ ಜನ ಕರೆಸಿ ಅದರ ಶ್ರುತಿ ಮಾಡಿಸಿ ಇಟ್ಟಿದ್ದರು. ಕೇಳಿದ ತಕ್ಷಣ "ಬನ್ನಿ, ಅದಕ್ಕೆ ಎಂತ ಕೇಳೋದು" ಎಂದರಂತೆ. ಆಪರೇಷನ್ನಿಗೆ ಇನ್ನು ಆರೇ ದಿನ ಇತ್ತು.

ಮಗಳು ಪಿಯಾನೊದ ಮರಕ್ಕೆ ಅಂಗೈ ಒತ್ತಿ, ಬಲಗಿವಿ ತಾಗಿಸಿ ನಿಂತಳು. ನಾನು ನುಡಿಸಿದೆ. ಬೆರಳು ಒಂದೂ ತಪ್ಪಲಿಲ್ಲ. ಸದ್ದು ಸ್ವಲ್ಪ ತೆಳುವಾಯಿತು ಎನ್ನಿಸಿದರೂ ಪಿಯಾನೊ ಎಂದರೆ ಹೀಗೇ ಇರಬಹುದು ಎಂದುಕೊಂಡು ಮುಂದೆ ಹೋದೆ. ಗಂಟೆಯ ಭಾಗ ಮುಗಿಸಿ, ಹೆಮ್ಮೆಯಿಂದಲೇ ಅವಳ ಕಡೆ ತಿರುಗಿದೆ.

"ಶುರು ಮಾಡಮ್ಮ ಗಂಟೆ" ಎಂದಳು.

"ಮುಗೀತಲ್ಲ ಕಣೇ."

"ಇಲ್ಲ. ಏನೂ ಬರ್ಲಿಲ್ಲ."

ಮತ್ತೆ ನುಡಿಸಿದೆ, ಜೋರಾಗಿ, ಕೀ ಮುರಿಯುವಷ್ಟು ಜೋರಾಗಿ. ಅವಳು ಕಣ್ಣು ಮುಚ್ಚಿ ಕೇಳಿ, ಕಣ್ಣು ತೆರೆದು, ನಿಧಾನವಾಗಿ ತಲೆ ಅಲ್ಲಾಡಿಸಿದಳು. ನಿನ್ನೆ ಮನೆಯ ಕೀಬೋರ್ಡಿನಲ್ಲಿ ಇದೇ ಭಾಗ ಗರಗರ ಎಂದಾದರೂ ಕೇಳಿಸಿತ್ತು. ಇವತ್ತು ಇಲ್ಲ. ಹೋಯಿತು ಎಂದುಕೊಂಡೆ. ಡಾಕ್ಟರು ತೆಗೆಯುವ ಮೊದಲೇ, ಒಂದೇ ರಾತ್ರಿಯಲ್ಲಿ, ಉಳಿದಿದ್ದ ಚೂರೂ ಹೋಯಿತು. ಅವಳಿಗೂ ಅದೇ ಅನ್ನಿಸಿತು ಎಂದು ಅವಳು ತುಟಿ ಕಚ್ಚಿಕೊಂಡದ್ದರಲ್ಲಿ ಗೊತ್ತಾಯಿತು.

"ಪಿಯಾನೊ ಸರಿ ಇಲ್ಲ" ಎಂದು ಕೂಗಿದೆ. ಪಾಪ, ಬಂಗಲೆ ಅಜ್ಜಿ ಕಾಫಿ ತಟ್ಟೆ ಹಿಡಿದು ಬಾಗಿಲಲ್ಲೇ ನಿಂತುಬಿಟ್ಟರು. "ಹೋದ ತಿಂಗಳೇ ಸರಿ ಮಾಡ್ಸಿದ್ದೇನಲ್ಲ ಟೀಚರ್" ಎಂದರು ಮೆಲ್ಲಗೆ.

ಏನು ಮಾಡಬೇಕೋ ತೋಚದೆ ಮಗಳ ಕೈ ಎಳೆದು ನನ್ನ ಕುತ್ತಿಗೆಯ ಮೇಲೆ ಇಟ್ಟುಕೊಂಡೆ. ಚಿಕ್ಕವಳಿದ್ದಾಗ ಹಾಡು ಕಲಿಸುತ್ತಿದ್ದದ್ದು ಹಾಗೆಯೇ. ಗಂಟೆಯ ಸ್ವರಗಳನ್ನು ಒಂದೊಂದಾಗಿ ಒತ್ತುತ್ತಾ ಅದರ ಜೊತೆ ಹಾಡಲು ಹೋದೆ. ಗಂಟಲು ಏಳಲೇ ಇಲ್ಲ. ಹನ್ನೆರಡು ವರ್ಷ ಒಂದೇ ಶ್ರುತಿಯಲ್ಲಿ ಹಾಡಿದ ಗಂಟಲು ತನ್ನ ಜಾಗ ಹುಡುಕಿ ಹುಡುಕಿ, ಸಿಗದೆ, ಕೆಮ್ಮಿ ನಿಂತಿತು. ಆಗ ಹೊಳೆಯಿತು. ಹೊಳೆದ ಕೂಡಲೇ ನೆಲ ಬಾಯಿ ತೆರೆಯಬಾರದೇ ಎನ್ನಿಸಿತು.

ನಮ್ಮ ಮಂಡಳಿಯವರು ಹಾಡುವುದು ಕಪ್ಪು ಮೂರರ ಶ್ರುತಿಯಲ್ಲಿ, ಎಂದರೆ ಮೂರನೆಯ ಕಪ್ಪು ಕೀಯನ್ನು ಷಡ್ಜ ಮಾಡಿಕೊಂಡು. ನನಗೆ ಬೆರಳು ಓಡುವುದು ಮೊದಲನೆಯ ಬಿಳಿ ಕೀಯನ್ನು ಷಡ್ಜ ಮಾಡಿಕೊಂಡಾಗ ಮಾತ್ರ. ಹಾಗಾಗಿ ಕೀಬೋರ್ಡ್ ತಂದ ದಿನವೇ ಅಂಗಡಿಯವನು ಶ್ರುತಿ ಇಳಿಸುವ ಬಟನ್ ಒತ್ತಿ ಕೊಟ್ಟಿದ್ದ. ಬಿಳಿ ಒತ್ತಿದರೆ ಅರ್ಧ ಸ್ಥಾಯಿ ಕೆಳಗಿನ ಕಪ್ಪು ಕೀಯ ಸದ್ದು ಬರುತ್ತದೆ. ಯಾರೂ ಕೈಯಾಡಿಸಬಾರದು ಎಂದು ಆ ಬಟನ್ನಿನ ಮೇಲೆ ಟೇಪ್ ಅಂಟಿಸಿದವಳು ನಾನೇ. ಗೇಮಿನ ಹಾಡಿನ ಶ್ರುತಿಯೂ ಅದೇ ಕಪ್ಪು ಮೂರು, ಪರದೇಶದವನು ಕಪ್ಪು ಕೀಗಳಲ್ಲಿ ನುಡಿಸಿದ್ದು ಅದಕ್ಕೇ. ಪಿಯಾನೊಗೆ ಅಂಥ ಬಟನ್ ಇಲ್ಲ. ಅದೇ ಬೆರಳು ಇಟ್ಟರೆ ಹಾಡು ಅರ್ಧ ಸ್ಥಾಯಿ ಮೇಲೆ ಹೋಗುತ್ತದೆ, ಅವಳಿಗೆ ಕೇಳದ ಜಾಗಕ್ಕೆ. ಮೂರು ತಿಂಗಳು ಕಲಿತ ಹಾಡನ್ನು ಅರ್ಧ ಸ್ಥಾಯಿ ಕೆಳಗೆ ನುಡಿಸಬೇಕಿತ್ತು, ಏಳು ಸ್ವರದಲ್ಲಿ ಐದಕ್ಕೆ ಕಪ್ಪು ಕೀ ಹುಡುಕಿಕೊಂಡು.

ಮಗಳಿಗೆ ಎಲ್ಲವನ್ನೂ ಹೇಳಿದೆ. ಅವಳ ಕಿವಿ ಹೋಗಿಲ್ಲ ಎಂದು ಮೂರು ಸಲ ಹೇಳಿದೆ. ಅವಳು ಮೊದಲು ನಕ್ಕಳು. ಆಮೇಲೆ ಕ್ಯಾಲೆಂಡರ್ ನೆನಪಾಯಿತೇನೋ, ನಗು ನಿಂತಿತು. "ಬಿಡಮ್ಮ, ಆಗಲ್ಲ ಅಂದ್ರೆ ಬೇಡ" ಎಂದಳು.

"ಆಗಲ್ಲ ಅಂತ ನಿಂಗ್ಯಾರು ಹೇಳಿದ್ದು? ಬಾಯ್ಮುಚ್ಕೊಂಡು ನಡಿ" ಎಂದು ಅವಳ ಮೇಲೇ ರೇಗಿದೆ.

ಶಾಲೆಗೆ ರಜೆ ಹಾಕಿದೆ. ಟೇಪ್ ಕಿತ್ತೆ, ಬಟನ್ ಒತ್ತಿ ಕೀಬೋರ್ಡನ್ನು ಪಿಯಾನೊದ ಶ್ರುತಿಗೆ ತಂದೆ. ಆಗ ಇನ್ನೊಂದು ಗ್ರಹಚಾರ ಕಂಡಿತು. ಹಾಡು ಕೆಳಗೆ ಸರಿದ ಮೇಲೆ ಎಡಗೈಗೆ ಬೇಕಾದ ಕೊನೆಯ ಆರು ಕೀಗಳು ನಮ್ಮ ಕೀಬೋರ್ಡಿನಲ್ಲಿ ಇರಲೇ ಇಲ್ಲ. ಅದು ಪಿಯಾನೊಗಿಂತ ಗಿಡ್ಡ. ಶಾಲೆಯ ಸೀಮೆಸುಣ್ಣ ತಂದು, ಕೀಬೋರ್ಡ್ ಮುಗಿದ ಕಡೆಯಿಂದ ಎಡಕ್ಕೆ, ಮೇಜಿನ ಮೇಲೆ ಆರು ಕೀಗಳನ್ನು ಬರೆದೆ. ಎಡಗೈ ಕಿರುಬೆರಳು ಬರೀ ಮರ ಕುಟ್ಟುತ್ತಿತ್ತು. ಆ ಸ್ವರ ಸರಿಯೋ ತಪ್ಪೋ ಪಿಯಾನೊ ಮುಂದೆ ಕೂರುವವರೆಗೂ ಗೊತ್ತಾಗುವ ಹಾಗಿರಲಿಲ್ಲ. ಬೆಳಿಗ್ಗೆ ತಿಂಡಿಯಿಂದ ಸಂಜೆ ಕಾಫಿಯವರೆಗೆ ಕುಟ್ಟಿದೆ. ಬಲಗೈ ಹಳೆಯ ಅಭ್ಯಾಸಕ್ಕೆ ಬಿಳಿ ಕೀಗಳ ಕಡೆ ಓಡಿದಾಗಲೆಲ್ಲ ಎಡಗೈಯಿಂದ ಅದಕ್ಕೆ ಹೊಡೆದೆ. ಅಡುಗೆ ಗಂಡನದು. ಅವನು ಮೂರು ದಿನ ಬರೀ ಸಾರನ್ನೇ ಮಾಡಿದ.

ಶುಕ್ರವಾರ ಮಂಡಳಿಯ ಹಿರಿಯ ಹೆಂಗಸು ಭಜನೆಗೆ ಕೀಬೋರ್ಡ್ ಒಯ್ಯಲು ಆಟೊ ತಂದರು. ಕೊಡುವುದಿಲ್ಲ ಎಂದುಬಿಟ್ಟೆ. ಹನ್ನೆರಡು ವರ್ಷದಲ್ಲಿ ಅದೇ ಮೊದಲು. ಅವರು ಕಿತ್ತ ಟೇಪ್ ನೋಡಿದರು, ಮೇಜಿನ ಮೇಲಿನ ಸೀಮೆಸುಣ್ಣ ನೋಡಿದರು, ನನ್ನ ಕೆದರಿದ ತಲೆ ನೋಡಿದರು. "ತಾಳ ಹಾಕ್ಕೊಂಡು ಹಾಡ್ತೀವಿ ಬಿಡಿ ಟೀಚರೇ. ನೀವು ಒಂದು ತುತ್ತು ಊಟ ಮಾಡಿ ಮೊದ್ಲು" ಎಂದು ಹೇಳಿ ಅದೇ ಆಟೊದಲ್ಲಿ ಹೋದರು.

ಭಾನುವಾರ ಸಂತೆ. ಲೈನ್‌ಮನೆಗಳ ಆಳುಗಳೆಲ್ಲ ಸಂತೆಗೆ ಹೋಗಿ ಎಸ್ಟೇಟ್ ಖಾಲಿಯಾಗಿರುತ್ತದೆ ಎಂದು ಗಂಡ ರೆಕಾರ್ಡಿಂಗಿಗೆ ಅದೇ ದಿನ ಗೊತ್ತು ಮಾಡಿದ್ದ. ಮಾರನೆಯ ದಿನ ನಾವು ಮೈಸೂರಿಗೆ ಹೊರಡಬೇಕಿತ್ತು. ಫೋನನ್ನು ಪಿಯಾನೊ ಮೇಲೆ ಮಡಚಿದ ಶಾಲಿನ ಮೇಲಿಟ್ಟೆವು. ಅಜ್ಜಿ ನಾಯಿಯನ್ನು ಹಿಂದಿನ ಕೋಣೆಗೆ ಕೂಡಿ, ತಾವೂ ಉಸಿರು ಹಿಡಿದು ಕುರ್ಚಿಯಲ್ಲಿ ಕೂತರು.

ಮೊದಲನೆಯ ಸಲ ಆರಂಭದಲ್ಲೇ ಬಲಗೈ ಬಿಳಿಗೆ ಜಾರಿತು. ಎರಡನೆಯ ಸಲ ಗಂಟೆಯವರೆಗೆ ಹೋದೆ. ಅಲ್ಲಿ ಎಡಗೈ ಕೀ ತಪ್ಪಿ ನಿಂತಿತು. ಬೆವರಿನಲ್ಲಿ ಕೀಗಳು ಜಾರುತ್ತಿದ್ದವು. "ನಿಧಾನ ಟೀಚರ್, ಯಾರೂ ಓಡಿಸ್ಕೊಂಡು ಬರ್ತಿಲ್ಲ" ಎಂದರು ಅಜ್ಜಿ. ಯಾರು ಹೇಳಿದ್ದು ಬರುತ್ತಿಲ್ಲವೆಂದು? ನನಗೆ ಅವರ ಮೇಲೂ ಸಿಟ್ಟು ಬಂತು.

ಮೂರನೆಯ ಸಲ ಮಗಳು ನನ್ನ ಎದುರಿನಿಂದ ಸರಿದು ಪಕ್ಕಕ್ಕೆ ಹೋಗಿ, ಪಿಯಾನೊದ ಮರಕ್ಕೆ ಹಣೆ ಕೊಟ್ಟು ಕಣ್ಣು ಮುಚ್ಚಿದಳು. ಅವಳು ನನ್ನನ್ನು ನೋಡುತ್ತಿರಲಿಲ್ಲ. ಮುಖವನ್ನು ಅದರ ಪಾಡಿಗೆ ಬಿಟ್ಟು ಬೆರಳುಗಳನ್ನಷ್ಟೇ ನೋಡಿಕೊಂಡೆ. ಮೇಜಿನ ಮರ ಕುಟ್ಟಿ ಕಲಿತ ಸ್ವರಗಳು ಬಂದವು, ಸರಿಯಾಗಿಯೇ ಬಂದವು. ಗಂಟೆಯ ಭಾಗ ಬಂತು, ದಪ್ಪಗೆ, ಮರದೊಳಗಿಂದ. ಮಗಳ ಭುಜ ಒಮ್ಮೆ ಮೇಲೆದ್ದು ಇಳಿಯಿತು. ಕೊನೆಯ ಸ್ವರ ಪೂರ್ತಿ ಆರುವವರೆಗೆ ಕೈ ತೆಗೆಯದೆ ಕೂತೆ. ಆಮೇಲೆ ಸೆರಗಿನಲ್ಲಿ ಮುಖ ಒರೆಸಿಕೊಂಡು ಅವಳ ಭುಜ ತಟ್ಟಿದೆ.

"ಗಂಟೆ ಬಂತಮ್ಮ" ಎಂದಳು. ಎಷ್ಟೋ ವರ್ಷದ ಮೇಲೆ ಬಂದ ಗೆಳತಿಯ ವಿಷಯ ಹೇಳಿದ ಹಾಗೆ ಹೇಳಿದಳು. "ಇನ್ನು ಏನಾದ್ರೂ ಮಾಡ್ಲಿ ಡಾಕ್ಟ್ರು."

ಆಪರೇಷನ್ ಆಯಿತು. ಡಾಕ್ಟರು ಹೇಳಿದ ಹಾಗೆ ಉಳಿದಿದ್ದದ್ದೂ ಹೋಯಿತು. ಗಾಯ ಮಾಗಿ ಉಪಕರಣ ಚಾಲೂ ಮಾಡುವವರೆಗೆ ಒಂದು ತಿಂಗಳು ಅವಳು ಏನೆಂದರೆ ಏನೂ ಕೇಳದೆ ಇದ್ದಳು. ಗುಡುಗೂ ಇಲ್ಲ, ಅಪ್ಪನ ಕೆಮ್ಮೂ ಇಲ್ಲ. ಚಾಲೂ ಮಾಡಿದ ದಿನ ನಾನು ಅವಳ ಹೆಸರು ಕರೆದೆ. "ಬಾತುಕೋಳಿ ಥರ ಇದೆ" ಎಂದಳು. ಮನೆಗೆ ಬಂದು ರೆಕಾರ್ಡಿಂಗ್ ಹಾಕಿದೆವು. ಅವಳು ಕೊನೆಯವರೆಗೂ ಕೇಳಿ, "ತಗಡಿನ ಮೇಲೆ ಆಲಿಕಲ್ಲು" ಎಂದು ಎದ್ದುಹೋದಳು. ನಾನು ಮುಖಕ್ಕೆ ಇಸ್ತ್ರಿ ಹಾಕಿಕೊಂಡು, "ನಾಳೆ ಮತ್ತೆ ಕೇಳು" ಎಂದೆ.

ದಿನಾ ಹಾಕಿದಳು. ಎರಡನೆಯ ವಾರ ತಾಳ ಸಿಕ್ಕಿತು. ಬೆರಳಲ್ಲಿ ಮೇಜು ಕುಟ್ಟಿ ತೋರಿಸಿದಳು. ಹಾಡು ಮಾತ್ರ ಸಿಗಲಿಲ್ಲ. ಮೇಲೆ ಯಾವುದು ಕೆಳಗೆ ಯಾವುದು ಎಂದೇ ಗೊತ್ತಾಗುತ್ತಿಲ್ಲ ಎನ್ನುತ್ತಿದ್ದಳು. ಉಳಿದದ್ದನ್ನೆಲ್ಲ ಕಿತ್ತುಕೊಂಡು ಇವಳಿಗೆ ಆಲಿಕಲ್ಲು ಕೊಟ್ಟೆವಲ್ಲ ಎಂದು ನನ್ನ ಜೀವ ಹಿಂಡುತ್ತಿತ್ತು.

ಆರನೆಯ ವಾರ ಇರಬೇಕು. ನಾನು ಅಂಗಳದ ಕಡೆಯ ಬಾಗಿಲಲ್ಲಿ ಕೂತು ಮೆಂತ್ಯ ಸೊಪ್ಪು ಬಿಡಿಸುತ್ತಿದ್ದೆ. ಅವಳು ಒಳಗಿನಿಂದ ಫೋನ್ ಹಿಡಿದು ಬಂದು ಪಕ್ಕದಲ್ಲಿ ಕೂತಳು. "ಅಮ್ಮ, ಇದ್ರಲ್ಲಿ ಹಾಡಿನ ಮಧ್ಯೆ ಮಧ್ಯೆ ಸೊರ್ ಅಂತ ಬರುತ್ತಲ್ಲ, ಅದೇನು?"

"ಎಲ್ಲಿ? ಏನೂ ಇಲ್ಲ."

"ಇದೆ. ಹಾಡು ಸರಿಯಾಗಿ ಗೊತ್ತಾಗಲ್ಲ, ಇದು ಚೆನ್ನಾಗಿ ಗೊತ್ತಾಗುತ್ತೆ. ಕೇಳು."

ಫೋನನ್ನು ನನ್ನ ಕಿವಿಗೆ ಹಿಡಿದಳು. ಆರು ವಾರದಿಂದ ಅದನ್ನು ಕೇಳುತ್ತಿದ್ದ ನಾನು ಪಿಯಾನೊ ಬಿಟ್ಟು ಬೇರೇನನ್ನೂ ಕೇಳಿರಲಿಲ್ಲ. ಈಗ ಕೇಳಿಸಿತು. ಗಂಟೆ ಶುರುವಾಗುವ ಮೊದಲು ಒಮ್ಮೆ. ಗಂಟೆಯ ನಡುವೆ ಮೂರು ಸಲ. ಕೊನೆಯ ಸ್ವರ ಆರುತ್ತಿದ್ದಾಗ ಉದ್ದಕ್ಕೆ.

"ನಂಗೆ ಶೀತ ಆಗಿತ್ತು ಕಣೇ ಅವತ್ತು."

ಅವಳು ನನ್ನ ತುಟಿ ನೋಡುತ್ತಿರಲಿಲ್ಲ. ಅಂಗಳದ ಕಡೆ ಮುಖ ಮಾಡಿಕೊಂಡೇ ನನ್ನ ಮಾತು ಕೇಳಿದ್ದಳು. ನಾನು ಅದನ್ನು ಗಮನಿಸುವಷ್ಟರಲ್ಲಿ ಅವಳು ಮತ್ತೊಮ್ಮೆ ಆ ಜಾಗ ಹಾಕಿ ಕೇಳಿದಳು, ಮತ್ತೊಮ್ಮೆ.

"ಶೀತ ಅಲ್ಲ ಇದು" ಎಂದಳು. "ಎಷ್ಟು ವರ್ಷದಿಂದ ಹಿಂಗೆ ಅಳ್ತಿದ್ದೀಯಮ್ಮ, ನನ್ನ ಪಕ್ಕದಲ್ಲೇ?"

ಉತ್ತರ ಹೇಳಲು ಬಾಯಿ ತೆರೆದವಳು ಮುಚ್ಚಿಕೊಂಡೆ. ನನ್ನ ದನಿ ಸರಿಯಿರಲಿಲ್ಲ, ಮತ್ತು ಅವಳಿಗೆ ಕೇಳಿಸುತ್ತಿತ್ತು.